ಹೆಣ್ಣುಮಕ್ಕಳ ಪಟ್ಟಿಯಲ್ಲಿ ಗಂಗವ್ವ

ಮೇ ತಿಂಗಳ ಕೊನೆಯ ಶನಿವಾರ, ಬೆಳಿಗ್ಗೆ ಏಳೂವರೆ. ಸ್ಥಳ, ಬೈರಿದೇವರಕೊಪ್ಪದ ನಮ್ಮ ಮನೆಯ ಹಿಂದಿನ ಓಣಿಯ ಮೂಲೆ. ಹಾಜರಿದ್ದವರು ನಾಲ್ವರು. ನಿವೃತ್ತ ಮುಖ್ಯಾಧ್ಯಾಪಕಿಯಾದ ನಾನು. ಈ ವರ್ಷವಷ್ಟೇ ಪ್ರಾಥಮಿಕ ಶಾಲೆಗೆ ನೇಮಕಗೊಂಡ ಶಿಕ್ಷಕಿ ಶಾಹಿನ್. ಆ ಮೂಲೆಯಲ್ಲಿ ಜೋಳದ ರೊಟ್ಟಿ ಕೇಂದ್ರ ನಡೆಸುವ ನೀಲವ್ವ. ಅವಳ ಗಂಡ ಈರಣ್ಣ. ನೀಲವ್ವ ಒಳಗೆ ರೊಟ್ಟಿ ಬಡಿಯುತ್ತಿದ್ದಳು. ಹಾಗಾಗಿ ಅವಳು ದನಿಯಿಂದ ಮಾತ್ರ ಹಾಜರಿದ್ದಳು ಎಂದು ಬರೆಯುವುದೇ ಸರಿ.

ಶಾಲೆ ತೆರೆಯುವ ಮೊದಲು ಮನೆಮನೆಗೆ ಹೋಗಿ ಮಕ್ಕಳ ಗಣತಿ ಮಾಡಬೇಕು. ಓಣಿಯಲ್ಲಿ ಹುಡುಗರೆಷ್ಟು, ಹುಡುಗಿಯರೆಷ್ಟು, ಅವರಲ್ಲಿ ಶಾಲೆಗೆ ದಾಖಲಾದವರೆಷ್ಟು ಎಂದು ಬರೆದು ಕಳಿಸಬೇಕು. ಶಾಹಿನ್‌ಳದು ಇದು ಮೊದಲನೆಯ ಗಣತಿ. ಹಿಂದಿನ ದಿನ ಸಂಜೆ ನಮ್ಮ ಮನೆಗೆ ಬಂದು, ತರಬೇತಿಯಲ್ಲಿ ಎಲ್ಲ ಹೇಳಿದರು, ಆದರೆ ಕೆಲಸ ಖರೇನೇ ಹೇಗಿರುತ್ತದೆಂದು ಯಾರೂ ಹೇಳಲಿಲ್ಲ ಎಂದಳು. ಬಾಯಿಂದ ಹೇಳಿದರೆ ಆಗದು, ಬೆಳಿಗ್ಗೆ ಏಳೂವರೆಗೆ ಬಾ ಎಂದೆ. ಏಳು ಇಪ್ಪತ್ತೆಂಟಕ್ಕೆ ಬಂದಳು. ನನಗೆ ಹುಡುಗಿ ಅಲ್ಲಿಗೇ ಹಿಡಿಸಿದಳು.

ಮೊದಲು ಸಿಕ್ಕಿದ್ದೇ ರೊಟ್ಟಿ ಕೇಂದ್ರ. ಕಟ್ಟೆಯ ಮೇಲೆ ಈರಣ್ಣ ರೊಟ್ಟಿಗಳನ್ನು ಹತ್ತು ಹತ್ತು ಜೋಡಿಸಿ ಕಾಗದ ಸುತ್ತುತ್ತಿದ್ದ. ಶಾಹಿನ್ ಮೊಬೈಲು ನೋಡಿಕೊಂಡು, ಈ ವಸತಿಯಲ್ಲಿ ಆರರಿಂದ ಹದಿನಾಲ್ಕು ವರ್ಷದೊಳಗಿನ ಮಕ್ಕಳು ಇದ್ದಾರೆಯೇ ಎಂದು ಓದಿದಳು. ಇದು ಮನೆಯಲ್ಲ, ಕೇಂದ್ರ, ಇಲ್ಲಿ ಮಕ್ಕಳು ಎಲ್ಲಿಂದ ಬರಬೇಕು ಎಂದ ಈರಣ್ಣ. ಶಾಹಿನ್ ‘ಇಲ್ಲ’ ಎಂಬಲ್ಲಿ ಬೆರಳಿಡಲು ಹೋದಳು. ನಾನು ಬೇಕೆಂದೇ ಸುಮ್ಮನಿದ್ದೆ. ಆಗ ಒಳಗಿನಿಂದ ರೊಟ್ಟಿಯ ಸಪ್ಪಳ ನಿಂತು ನೀಲವ್ವನ ದನಿ ಬಂತು.

“ಅಕ್ಕಾರ, ಕಟ್ಟಿ ಮ್ಯಾಲ ನಿಂತು ಬರ್ಕೊಬ್ಯಾಡ್ರಿ. ಹಿಂದಕೊಮ್ಮೆ ಹಂಗ ಬರ್ಕೊಂಡು ನಮ್ಮ ಅಜ್ಜೀನ ಸಾಲಿಗೆ ಹಚ್ಚಿದ್ದು ಮರತ್ರೇನು?”

ಶಾಹಿನ್ ನನ್ನ ಮುಖ ನೋಡಿದಳು. ಅವಳಿಗೆ ಅಲ್ಲಿ ನಿಂತುಕೊಂಡೇ ಹೇಳಿದ್ದನ್ನು ಇಲ್ಲಿ ಸ್ವಲ್ಪ ವಿಸ್ತಾರವಾಗಿ ಬರೆಯುತ್ತೇನೆ. ನನಗೆ ಯಾವಾಗ ಬಡ್ತಿ ಸಿಕ್ಕಿತು ಎಂಬುದು ಸೇವಾ ಪುಸ್ತಕದಲ್ಲಿದೆ, ಬೇಕಾದವರು ಅಲ್ಲಿ ನೋಡಬಹುದು. ಸೇವಾ ಪುಸ್ತಕದಲ್ಲಿ ಇಲ್ಲದ್ದು ನನ್ನ ತಪ್ಪು. ಆ ತಪ್ಪಿನಿಂದಾಗಿ ಎಂಟು ವರ್ಷದ ಒಬ್ಬ ಹುಡುಗಿಗೆ ಶಾಲೆ ಸಿಗುತ್ತದೆಯೋ ಇಲ್ಲವೋ ಎಂಬುದು ಮೂರು ವಾರ ತೂಗಾಡಿತು. ಆ ಹುಡುಗಿ ಈ ನೀಲವ್ವನೇ.

ನನ್ನ ತಂದೆ ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್. ನಮ್ಮ ಮನೆಯಲ್ಲಿ ಗಡಿಯಾರ ಇರಲಿಲ್ಲ, ವರ್ಕ್‌ಶಾಪಿನ ಭೋಂಗಾ, ಅಂದರೆ ಸೈರನ್, ಇತ್ತು. ಮೊದಲ ಭೋಂಗಾಕ್ಕೆ ಏಳುವುದು, ಎರಡನೆಯದಕ್ಕೆ ತಾಟಿನ ಮುಂದೆ ಕೂರುವುದು. ಒಂದು ಕೆಲಸ ಹೇಳಿದರೆ ಹೇಳಿದ ಹಾಗೆ ಮಾಡಬೇಕು, ಹೇಳಿದ್ದಕ್ಕಿಂತ ಹೆಚ್ಚು ಮಾಡಿದರೂ ಬೈಗುಳ. ಹೀಗೆ ಬೆಳೆದ ನನಗೆ ಇಪ್ಪತ್ತೆರಡನೆಯ ವಯಸ್ಸಿಗೆ ಸುಳ್ಳ ಎಂಬ ಊರಿನ ಹಾದಿಯಲ್ಲಿರುವ ಒಂದು ಸಣ್ಣ ಹಳ್ಳಿಯ ಶಾಲೆ ಸಿಕ್ಕಿತು. ಹಳ್ಳಿಯ ಹೆಸರು ಬೇಡ, ತಪ್ಪು ನನ್ನದು, ಅದರದ್ದಲ್ಲ. ಎರಡು ಕೋಣೆ, ಒಂದು ಪಡಸಾಲೆ, ನಾನೊಬ್ಬಳೇ ಶಿಕ್ಷಕಿ. ಹಾಜರಿ ಪುಸ್ತಕದಲ್ಲಿ ಹುಡುಗರ ಹೆಸರು ಪುಟ ತುಂಬಿ ಮುಂದಿನ ಪುಟಕ್ಕೆ ಹೋಗುತ್ತಿತ್ತು. ಹುಡುಗಿಯರ ಹೆಸರನ್ನು ಕೆಂಪು ಶಾಯಿಯಲ್ಲಿ ಕೆಳಗೆ ಬರೆಯುವುದು ಪದ್ಧತಿ. ಹಿಂದಿನ ಮಾಸ್ತರರು ಬಿಟ್ಟುಹೋದ ಕೆಂಪು ಶಾಯಿಯ ಬಾಟಲಿಗೆ ಇನ್ನೂ ಬೂಚು ತೆಗೆದಿರಲಿಲ್ಲ ಅಂದರೆ ಉಳಿದದ್ದು ತಿಳಿಯುತ್ತದೆ.

ಆ ವರ್ಷ ಮಕ್ಕಳ ಗಣತಿಯ ಹೊಸ ನಮೂನೆ ಬಂತು. ಅದರಲ್ಲಿ ಎರಡು ಕಾಲಂ. ಒಂದಕ್ಕೆ ‘ಹುಡುಗರು’ ಎಂದಿತ್ತು, ಇನ್ನೊಂದಕ್ಕೆ ‘ಹೆಣ್ಣುಮಕ್ಕಳು’ ಎಂದಿತ್ತು. ವಯಸ್ಸಿನ ಮಿತಿ ಮೊದಲ ಹಾಳೆಯ ತಲೆಯ ಮೇಲೆ ಒಂದೇ ಕಡೆ, ಸಣ್ಣ ಅಕ್ಷರದಲ್ಲಿ. ಪ್ರಶ್ನೆಯನ್ನು ಇದ್ದದ್ದು ಇದ್ದ ಹಾಗೆ ಓದತಕ್ಕದ್ದು ಎಂದು ಸೂಚನೆ. ನಾನು ಇದ್ದದ್ದು ಇದ್ದ ಹಾಗೆ ಓದಿದೆ.

ನಮ್ಮ ಕಡೆಯ ಓದುಗರು ಈಗಾಗಲೇ ನಕ್ಕಿರಬೇಕು. ಬೇರೆ ಕಡೆಯವರಿಗಾಗಿ ಹೇಳುತ್ತೇನೆ. ಪುಸ್ತಕದ ಕನ್ನಡದಲ್ಲಿ ಹೆಣ್ಣುಮಕ್ಕಳು ಎಂದರೆ ಹುಡುಗಿಯರು. ನಮ್ಮ ಧಾರವಾಡ, ಹುಬ್ಬಳ್ಳಿ ಸೀಮೆಯಲ್ಲಿ ಹೆಣ್ಮಕ್ಕಳು ಎಂದರೆ ಹೆಂಗಸರು. ಎಂಬತ್ತು ವರ್ಷದ ಅಜ್ಜಿಯೂ ಹೆಣ್ಮಗಳೇ. ನಾನೇ ಮನೆಯಲ್ಲಿ ದಿನಕ್ಕೆ ಹತ್ತು ಸಲ ಹಾಗೆ ಅನ್ನುತ್ತಿದ್ದೆ. ಆದರೆ ನಮೂನೆ ಕೈಗೆ ಬಂದ ಕೂಡಲೇ ಮನೆಯ ಕನ್ನಡ ಮರೆತು ಶಾಲೆಯ ಕನ್ನಡ ಮಾತ್ರ ತಲೆಯಲ್ಲಿ ಉಳಿಯಿತು.

ಎರಡು ದಿನ ಬೆಳಿಗ್ಗೆ ಊರು ತಿರುಗಿದೆ. ಕಟ್ಟೆಗಳ ಮೇಲೆ ಗಂಡಸರು ಕೂತಿದ್ದರು, ಅವರನ್ನೇ ಕೇಳಿದೆ. ಬಸಪ್ಪ ಎಂಬ ಹತ್ತಿ ಬೆಳೆಯುವ ರೈತ ತನ್ನ ಕಟ್ಟೆಯ ಮೇಲೆ ಕೂತು, ತಮ್ಮ ಮನೆಯಲ್ಲಿ ಹೆಣ್ಮಕ್ಕಳು ಇಬ್ಬರು, ಗಂಗವ್ವ ಮತ್ತು ಶಾಂತವ್ವ ಎಂದು ಬರೆಸಿದ. ಅವನ ಪಕ್ಕದಲ್ಲೇ ಎಂಟು ವರ್ಷದ ಹುಡುಗಿಯೊಬ್ಬಳು ತಮ್ಮನನ್ನು ಸೊಂಟದ ಮೇಲೆ ಹೊತ್ತು ನಿಂತು ನನ್ನ ಪೆನ್ನನ್ನೇ ನೋಡುತ್ತಿದ್ದಳು. ಅವಳೇ ಇಬ್ಬರಲ್ಲಿ ಒಬ್ಬಳು ಎಂದುಕೊಂಡೆ. ನಕ್ಕೆ, ಅವಳೂ ನಕ್ಕಳು. ಹೆಸರು ಕೇಳಲಿಲ್ಲ. ಅದು ಪಟ್ಟಿಯಲ್ಲಿ ಇತ್ತಲ್ಲ.

ಪಟ್ಟಿ ಧಾರವಾಡಕ್ಕೆ ಹೋಯಿತು. ಅಲ್ಲಿ ಕುಲಕರ್ಣಿ ಸಾಹೇಬರು ಎಂಬ ಶಾಲಾ ತಪಾಸಣಾಧಿಕಾರಿ ಇದ್ದರು. ಬಿಳಿ ಟೊಪ್ಪಿಗೆ, ಕಡಿಮೆ ಮಾತು. ಮಾಸಿಕ ಸಭೆಯಲ್ಲಿ ಅವರು ನನ್ನ ಹೆಸರು ಹಿಡಿದು ಕರೆದು, ಇಡೀ ತಾಲೂಕಿನಲ್ಲಿ ಹುಡುಗರಿಗಿಂತ ಹುಡುಗಿಯರು ಇಷ್ಟು ಹೆಚ್ಚಿರುವ ಊರು ಇದೊಂದೇ ಎಂದರು. ಸಭೆ ಚಪ್ಪಾಳೆ ತಟ್ಟಿತು. ನಾನು ಎದ್ದು ನಿಂತು ಕೈ ಮುಗಿದೆ. ಅವರು ಮುಂದುವರಿಸಿ, ಇಷ್ಟು ಹುಡುಗಿಯರಿದ್ದೂ ಶಾಲೆಗೆ ಒಬ್ಬಳೂ ಯಾಕೆ ಬರುತ್ತಿಲ್ಲ ಎಂದು ಕೇಳಿದರು. ಮುಂದಿನ ತಿಂಗಳು ತಾವೇ ಬರುವುದಾಗಿಯೂ, ಆ ದಿನ ಪಟ್ಟಿಯಲ್ಲಿರುವ ಹೆಣ್ಣುಮಕ್ಕಳೆಲ್ಲ ಶಾಲೆಯಲ್ಲಿರಬೇಕು ಎಂದೂ ಹೇಳಿದರು. ಚಪ್ಪಾಳೆ ತಟ್ಟಿದವರೇ ಈಗ ನನ್ನನ್ನು ಕನಿಕರದಿಂದ ನೋಡಿದರು.

ಮರುದಿನವೇ ಪಟ್ಟಿ ಹಿಡಿದು ಊರಲ್ಲಿ ಹೆಸರು ಕೂಗುತ್ತಾ ಹೊರಟೆ. ಮೊದಲು ಬಸಪ್ಪನ ಮನೆ. ಶಾಂತವ್ವ ಎಂದು ಕರೆದೆ. ಕೈಗೆ ಹಿಟ್ಟು ಮೆತ್ತಿಕೊಂಡು ಬಸಪ್ಪನ ಹೆಂಡತಿ ಹೊರಗೆ ಬಂದಳು. ಚಿಕ್ಕ ಶಾಂತವ್ವ ಬೇಕು ಎಂದೆ. ಇರುವವಳು ತಾನೊಬ್ಬಳೇ ಎಂದಳು. ಅವಳ ಹೆಸರು ಶಾಲೆಯ ಪಟ್ಟಿಯಲ್ಲಿರುವುದನ್ನು ತೋರಿಸಿದಾಗ ಸೆರಗನ್ನು ಬಾಯಿಗೆ ಒತ್ತಿಕೊಂಡು ನಗುತ್ತಾ ಹೊಸ್ತಿಲ ಮೇಲೆ ಕೂತೇಬಿಟ್ಟಳು. ಬಸಪ್ಪ ನಗಲಿಲ್ಲ.

“ಹೆಣ್ಮಕ್ಕಳ ಎಷ್ಟು ಅಂತ ಕೇಳಿದ್ರಿ, ಹೇಳಿದೆ. ಹುಡುಗ್ಯಾರ ಎಷ್ಟು ಅಂತ ಯಾವಾಗ ಕೇಳಿದ್ರಿ?”

ಅವನು ಹೇಳಿದ್ದು ಸರಿ. ಇಡೀ ಊರಿನ ಅತ್ತೆ, ಸೊಸೆ, ಅಜ್ಜಿಯರನ್ನು ನಾನು ಒಂದನೆಯ ಇಯತ್ತೆಗೆ ಸೇರಿಸಿಕೊಂಡಿದ್ದೆ. ಸೇರಬೇಕಾದವರು ಹೊರಗೇ ಉಳಿದಿದ್ದರು. ಹುಡುಗಿಯ ಹೆಸರು ಕೇಳಿದೆ, ನೀಲವ್ವ ಎಂದಳು. ಇರಲಿ, ಇವಳನ್ನು ಕಳಿಸು ಎಂದೆ. ಬಸಪ್ಪನ ಉತ್ತರ ಸಿದ್ಧವಿತ್ತು. ಅವಳು ಬಂದರೆ ಕೂಸನ್ನು ಹಿಡಿಯುವವರು ಯಾರು, ಕಣ್ಣು ಕಾಣದ ತನ್ನ ತಾಯಿಯನ್ನು ಹಿತ್ತಲಿಗೆ ಕರೆದೊಯ್ಯುವವರು ಯಾರು ಎಂದು ಕೇಳಿದ. ಕೊನೆಗೆ, ಹೆಸರೇ ಪಟ್ಟಿಯಲ್ಲಿ ಇಲ್ಲ, ಸರಕಾರವೇ ಕೇಳದ ಹುಡುಗಿಯನ್ನು ತಾನು ಯಾಕೆ ಕಳಿಸಬೇಕು ಎಂದ. ನನ್ನ ತಪ್ಪೇ ಅವನ ಕೈಗೆ ಕೋಲಾಗಿ ಸಿಕ್ಕಿತ್ತು. ನೀಲವ್ವ ಕೂಸನ್ನು ಒಂದು ಸೊಂಟದಿಂದ ಇನ್ನೊಂದಕ್ಕೆ ಬದಲಿಸಿ ಒಳಗೆ ಹೋದಳು.

ಆಗ ಒಳಗಿನಿಂದ ಬಸಪ್ಪನ ತಾಯಿ ಗಂಗವ್ವನ ದನಿ ಕೇಳಿತು.

“ಅಕ್ಕಾರ, ನನ್ನ ಹೆಸರು ಐತೇನ್ರಿ ಪಟ್ಟಿಯೊಳಗ?”

“ಐತಿ, ಯಮ್ಮಾ. ತಪ್ಪಿ ಬಂದೈತಿ.”

“ತಪ್ಪಿನೋ ಒಪ್ಪಿನೋ, ಬಂದೈತಲ್ಲ. ಸಾಲಿ ಎಷ್ಟಕ್ಕ ತಗೀತೀರಿ?”

ಮರುದಿನ ಬೆಳಿಗ್ಗೆ ಹತ್ತಕ್ಕೆ ಹತ್ತು ನಿಮಿಷ ಇರುವಾಗ ಮೆರವಣಿಗೆ ಬಂತು. ಮುಂದೆ ನೀಲವ್ವ, ಅವಳ ಕೈ ಹಿಡಿದು ಗಂಗವ್ವ, ಗಂಗವ್ವನ ಸೊಂಟದ ಮೇಲೆ ಕೂಸು, ಹಿಂದೆ ಬಸಪ್ಪ. ಊರು ನಗುತ್ತದೆ ಮನೆಗೆ ನಡೆ ಎಂದು ಅವನು ತಾಯಿಯನ್ನು ದಾರಿಯುದ್ದಕ್ಕೂ ಬೇಡಿಕೊಳ್ಳುತ್ತಿದ್ದ. “ಊರು ನಕ್ಕರ ನಗಲಿ, ಸರಕಾರ ನಗವಲ್ದು,” ಎಂದು ಗಂಗವ್ವ ಪಡಸಾಲೆಯಲ್ಲಿ ಕಾಲು ಚಾಚಿ ಕೂತಳು. ತನ್ನನ್ನು ಕರೆತರಲು, ಕರೆದೊಯ್ಯಲು ಒಬ್ಬರು ಬೇಕು, ಆದ್ದರಿಂದ ನೀಲವ್ವ ಇಲ್ಲೇ ಇರಬೇಕು. ಕೂಸು ಹೇಗೂ ತನ್ನ ತೊಡೆಯ ಮೇಲಿದೆ. ಬಸಪ್ಪ ಹೇಳಿದ ಕಾರಣಗಳೆಲ್ಲ ಪಡಸಾಲೆಗೇ ಬಂದು ಕೂತಿದ್ದವು. ಅವನು ಹೊಲಕ್ಕೆ ಹೋದ.

ಹೆಸರು ಕರೆದಾಗ ‘ಹಾಜರ್’ ಅನ್ನಬೇಕು ಎಂದು ಗಂಗವ್ವನಿಗೆ ಕಲಿಸಿದೆ. ಹಾಜರ್ ಅಂದರೇನು ಎಂದಳು. ಇದ್ದೇನೆ ಅಂತ ಎಂದೆ. “ಹಂಗಂದ್ರ ಅದೀನ್ರಿ,” ಎಂದಳು. ಒಂದು ವಾರದೊಳಗೆ ಇಡೀ ಶಾಲೆ ಹಾಜರ್ ಬಿಟ್ಟು ‘ಅದೀನ್ರಿ’ ಎನ್ನತೊಡಗಿತು. ತಿದ್ದಲು ನೋಡಿದೆ, ಆಗಲಿಲ್ಲ, ಬಿಟ್ಟೆ. ಶಿಸ್ತಿನ ವಿಷಯದಲ್ಲಿ ನಾನು ಮೊದಲ ಸಲ ಸೋತದ್ದು ಅಲ್ಲಿ.

ಒಂದು ಕೆಲಸ ಮಾತ್ರ ಉಳಿದಿತ್ತು. ನೀಲವ್ವ ದಿನವೂ ಬರುತ್ತಿದ್ದಳು, ಪಾಟಿಯ ಮೇಲೆ ಬರೆಯುತ್ತಿದ್ದಳು, ಆದರೆ ಅವಳ ಹೆಸರು ಹಾಜರಿ ಪುಸ್ತಕದಲ್ಲಿ ಇರಲಿಲ್ಲ. ದಾಖಲಾತಿ ಅರ್ಜಿಗೆ ತಂದೆಯ ಸಹಿ ಬೇಕು, ಬಸಪ್ಪ ಹಾಕುತ್ತಿರಲಿಲ್ಲ. ಅಜ್ಜಿಯ ಹಟ ಮುಗಿದ ದಿನ ಮೊಮ್ಮಗಳು ತಾನಾಗಿ ಮನೆಗೆ ಬರುತ್ತಾಳೆ ಎಂಬುದು ಅವನ ಲೆಕ್ಕ. ಪ್ರತಿದಿನ ಕೊನೆಯ ಹೆಸರು ಕರೆದು ನಾನು ಪುಸ್ತಕ ಮುಚ್ಚುತ್ತಿದ್ದೆ. ಮುಚ್ಚುವ ಸಪ್ಪಳಕ್ಕೆ ನೀಲವ್ವ ತಲೆ ತಗ್ಗಿಸುತ್ತಿದ್ದಳು. ಮೂರು ವಾರ ಅದನ್ನು ನೋಡಿದೆ. ನಿಯಮ ಇದ್ದದ್ದು ಇದ್ದ ಹಾಗೆ ಎಂದು ಸುಮ್ಮನಿದ್ದೆ.

ಈ ನಡುವೆ ಪಟ್ಟಿಯನ್ನು ಹೊಸದಾಗಿ ಮಾಡಿದೆ. ಕಟ್ಟೆಯ ಮೇಲೆ ಕೇಳಲಿಲ್ಲ, ಅಡುಗೆಮನೆಯ ಹೊಸ್ತಿಲಲ್ಲಿ ಕೂತು ಕೇಳಿದೆ. ಅಲ್ಲಿ ಹೆಸರುಗಳು ಸಿಕ್ಕವು. ಗಂಗವ್ವ ಶಾಲೆಯಲ್ಲಿ ಕೂಸು ಆಡಿಸುತ್ತಾಳೆ ಎಂಬ ಸುದ್ದಿ ಹರಡಿ, ಬೇರೆ ಹುಡುಗಿಯರೂ ತಮ್ಮಂದಿರನ್ನೋ ತಂಗಿಯರನ್ನೋ ಹೊತ್ತು ಬಂದರು. ಕೂಸುಗಳನ್ನು ಪಡಸಾಲೆಯಲ್ಲಿ ಗಂಗವ್ವನ ಸುತ್ತ ಬಿಟ್ಟು ಒಳಗೆ ಬಂದು ಕೂರುತ್ತಿದ್ದರು. ಒಂದು ಕಡೆ ಮಗ್ಗಿ, ಇನ್ನೊಂದು ಕಡೆ ಅಳು. ಕೆಂಪು ಶಾಯಿಯ ಬಾಟಲಿಗೆ ಬೂಚು ತೆಗೆದದ್ದು ಆಗಲೇ.

ಕುಲಕರ್ಣಿ ಸಾಹೇಬರು ಹೇಳಿದ ದಿನಕ್ಕೆ ಹೇಳಿದ ಹೊತ್ತಿಗೆ ಬಂದರು. ಅವರ ಕೈಯಲ್ಲಿ ನನ್ನ ಹಳೆಯ ಪಟ್ಟಿ ಇತ್ತು. ನಾನು ಬಾಯಿ ತೆರೆಯುವ ಮೊದಲೇ ಅವರು ಅದನ್ನು ಓದಲು ಶುರು ಮಾಡಿದರು. ಮೊದಲ ಹೆಸರೇ ಗಂಗವ್ವ. “ಅದೀನ್ರಿ,” ಎಂದು ಪಡಸಾಲೆಯಿಂದ ಉತ್ತರ ಬಂತು. ಸಾಹೇಬರು ಕನ್ನಡಕ ಸರಿಮಾಡಿಕೊಂಡು ಹುಡುಗಿಯನ್ನು ಹುಡುಕಿದರು. ಗಂಗವ್ವ ಗೋಡೆ ಹಿಡಿದು ಎದ್ದು ನಿಂತಳು, ಸೊಂಟದ ಮೇಲೆ ಒಂದು ಕೂಸು, ಸೀರೆ ಹಿಡಿದು ಇನ್ನೆರಡು. ಸಾಹೇಬರು ಅವಳನ್ನು ನೋಡಿದರು, ಪಟ್ಟಿ ನೋಡಿದರು, ನನ್ನನ್ನು ನೋಡಿದರು. ನಾನು ತಪ್ಪನ್ನು ಮೊದಲಿಂದ ಕೊನೆಯವರೆಗೆ ಒಪ್ಪಿಸಿದೆ.

“ಸುಳ್ಳದ ಹಾದ್ಯಾಗಿನ ಊರು,” ಎಂದರು ಸಾಹೇಬರು. “ಲೆಕ್ಕನೂ ಹಂಗ ಆಗ್ಯದ.”

ಆಮೇಲೆ ಅವರ ಭುಜ ಅಲುಗಾಡಿತು. ಅವರು ನಗುತ್ತಿದ್ದಾರೆಂದು ತಿಳಿಯಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು. ನಗು ನಿಲ್ಲುವ ಮೊದಲೇ ಗಂಗವ್ವ ತನ್ನ ಮಾತು ಮುಂದಿಟ್ಟಳು.

“ಸಾಹೇಬರ, ನನ್ನ ಹೆಸರಿನ ಮ್ಯಾಲ ಗೀಟು ಹೊಡೀರಿ. ಆ ಜಾಗಾದಾಗ ಈಕಿದು ಬರೀರಿ. ಮೂರು ವಾರ ಜಾಗಾ ಹಿಡಕೊಂಡು ಕುಂತೇನಿ, ನನಗ ಟೊಂಕ ಹಿಡದೈತಿ.”

ತಂದೆಯ ಸಹಿ ಇಲ್ಲ ಎಂದು ನಾನು ಹೇಳಿದೆ. ಸಾಹೇಬರು ಅರ್ಜಿ ತರಿಸಿ, ಬೆರಳಿಟ್ಟು, ಗಟ್ಟಿಯಾಗಿ ಓದು ಎಂದರು. ‘ತಂದೆ ಅಥವಾ ಪಾಲಕರ ಸಹಿ’ ಎಂದು ಓದಿದೆ. “ಇದ್ದದ್ದು ಇದ್ದಂಗ ಓದೋದು ಛಲೋ, ಅಕ್ಕಾವ್ರ. ಪೂರ್ತಿ ಓದೋದು ಇನ್ನೂ ಛಲೋ. ಇವರು ಮತ್ತೇನು ಮಾಡ್ಲಿಕತ್ತಾರ? ಪಾಲನೀನ ಮಾಡ್ಲಿಕತ್ತಾರಲ್ಲ,” ಎಂದರು.

ಹೆಬ್ಬೆರಳಿಗೆ ಹಚ್ಚಲು ಮಸಿ ತಂದೆ. ಗಂಗವ್ವ ಬೇಡ ಎಂದಳು. ನೀಲವ್ವ ಪಾಟಿಯ ಮೇಲೆ ಅಜ್ಜಿಯ ಬೆರಳು ಹಿಡಿದು ತಿದ್ದಿಸಿದ್ದು ನನಗೆ ಗೊತ್ತೇ ಇರಲಿಲ್ಲ. ಕಾಗದದ ಅರ್ಧ ಜಾಗ ಹಿಡಿಯುವಷ್ಟು ದೊಡ್ಡದಾಗಿ ‘ಗಂ’ ಎಂದು ಬರೆದು, ಉಳಿದದ್ದು ಕಣ್ಣಿನ ಆಪರೇಶನ್ ಆದಮೇಲೆ ಎಂದಳು. ಸಾಹೇಬರು ತಮ್ಮ ಪೆನ್ನಿನಿಂದಲೇ ಪಟ್ಟಿಯಲ್ಲಿ ಗೀಟು ಹೊಡೆದು ನೀಲವ್ವನ ಹೆಸರು ಬರೆದು ಸಹಿ ಮಾಡಿದರು. ನಾನು ಹಾಜರಿ ಪುಸ್ತಕದಲ್ಲಿ ಕೆಂಪು ಶಾಯಿಯಲ್ಲಿ ಬರೆದೆ. ಆ ದಿನ ಪುಸ್ತಕ ಮುಚ್ಚಿದಾಗ ಹುಡುಗಿ ತಲೆ ತಗ್ಗಿಸಲಿಲ್ಲ.

ಮರುದಿನ ಬಸಪ್ಪ ಬಂದ. ಜಗಳಕ್ಕೆ ಸಿದ್ಧಳಾಗಿ ನಿಂತೆ. ಅವನ ಹೆಗಲ ಮೇಲೆ ಮಡಿಸಿದ ಕಂಬಳಿ ಇತ್ತು. ಅವ್ವನಿಗೆ ನೆಲ ತಂಪು ಹತ್ತುತ್ತದೆ, ಇದನ್ನು ಹಾಸಿಕೊಡಿ ಎಂದು ಪಡಸಾಲೆಯಲ್ಲಿಟ್ಟು, ಮಗಳ ಕಡೆ ನೋಡದವನಂತೆ ನೋಡಿ ಹೋದ. ಟೊಂಕ ಹಿಡಿದಿದೆ ಎಂದಿದ್ದ ಗಂಗವ್ವ ಆಮೇಲೂ ಎರಡು ವರ್ಷ ದಿನವೂ ಬಂದಳು.

ಮುಂದಿನ ಮಾಸಿಕ ಸಭೆಯಲ್ಲಿ ಸಾಹೇಬರು ತಮ್ಮ ಹಿಂದಿನ ಮಾತನ್ನು ವಾಪಸು ಪಡೆದರು. ಹೊಸ ಪಟ್ಟಿಯ ಪ್ರಕಾರ ನಮ್ಮ ಊರಿನ ಹುಡುಗಿಯರ ಸಂಖ್ಯೆ ಎಲ್ಲ ಊರುಗಳಂತೆಯೇ ಇತ್ತು. ಈ ಸಲ ಚಪ್ಪಾಳೆ ಬೀಳಲಿಲ್ಲ. ಅವರೊಬ್ಬರೇ ಮೇಜಿನ ಮೇಲೆ ಎರಡು ಸಲ ಬೆರಳು ತಟ್ಟಿದರು.

ಇಷ್ಟಾದ ಮೇಲೆ ನಾನು ಲೆಕ್ಕದಲ್ಲಿ ಎಂದೂ ಮೋಸಹೋಗಲಿಲ್ಲ ಎಂದು ಶಾಹಿನ್‌ಗೆ ಹೇಳಬಹುದಿತ್ತು. ಆದರೆ ಅದು ಖರೇ ಅಲ್ಲ. ಎಷ್ಟೋ ವರ್ಷಗಳ ನಂತರ ಕಮರಿಪೇಟೆಯ ಕಡೆ ಒಂದು ಶಾಲೆಯಲ್ಲಿ ಮುಖ್ಯಾಧ್ಯಾಪಕಿಯಾಗಿದ್ದೆ. ಅಷ್ಟರಲ್ಲಿ ಎಲ್ಲ ಬದಲಾಗಿತ್ತು. ಕೆಂಪು ಶಾಯಿ ಹೋಗಿತ್ತು, ಬಿಸಿಯೂಟ ಬಂದಿತ್ತು, ಲೆಕ್ಕ ಕಂಪ್ಯೂಟರಿಗೆ ಹೋಗುತ್ತಿತ್ತು. ಒಂದು ಜೂನ್‌ನಲ್ಲಿ ದಾಖಲಾತಿ ಕೂಡಿಸಿ ನೋಡುತ್ತೇನೆ, ಹುಡುಗಿಯರ ಪಾಲು ಅರ್ಧ ದಾಟಿದೆ. ಎರಡು ಸಲ ಕೂಡಿಸಿದೆ, ದಾಟಿದೆ. ಪೇಢೆ ತರಿಸಿ ಇಡೀ ಶಾಲೆಗೆ ಹಂಚಿದೆ. ಎದುರಿಗೆ ಸ್ಕೂಟರ್ ರಿಪೇರಿ ಮಾಡುವ ಬಾಬುಮಿಯಾ ಎಂಬ ಹಿರಿಯರಿದ್ದರು, ಅವರ ಮೊಮ್ಮಗಳು ರೇಷ್ಮಾ ನಮ್ಮಲ್ಲಿ ನಾಲ್ಕನೆಯ ತರಗತಿ. ಅವರಿಗೂ ಪೇಢೆ ಕೊಟ್ಟು ಕಾರಣ ಹೇಳಿದೆ. ಅವರು ಅದನ್ನು ಬಾಯಿಗೆ ಹಾಕಿಕೊಳ್ಳಲಿಲ್ಲ.

“ಅಕ್ಕಾರ, ಹುಡುಗ್ಯಾರ ಹೆಚ್ಚ ಆಗಿಲ್ರಿ. ಹುಡುಗುರು ಕಡಿಮಿ ಆಗ್ಯಾರ. ನಮ್ಮ ಮೊಮ್ಮಗ ಟೈ ಕಟ್ಕೊಂಡು ಇಂಗ್ಲಿಷ್ ಸಾಲಿ ಬಸ್ ಹತ್ತಾಕತ್ತಾನಲ್ಲ.”

ಅಂದರೆ ಬರುವವರು ಬಂದದ್ದರಿಂದ ಪಾಲು ಏರಿರಲಿಲ್ಲ, ಹೋಗುವವರು ಹೋದದ್ದರಿಂದ ಏರಿತ್ತು. ದುಡ್ಡು ಕೊಟ್ಟು ಓದಿಸುವ ಶಾಲೆ ಹುಡುಗನಿಗೆ, ಪುಕ್ಕಟೆ ಶಾಲೆ ಹುಡುಗಿಗೆ. ನಾನು ಮತ್ತೆ ಕಟ್ಟೆಯ ಮೇಲೆ ನಿಂತೇ ಲೆಕ್ಕ ಬರೆದಿದ್ದೆ. ಬಾಬುಮಿಯಾ ಅವರಿಗೆ ನಾನು ಉಪದೇಶ ಮಾಡಲಿಲ್ಲ. ಸಂಜೆ ಗ್ಯಾರೇಜಿನಲ್ಲಿ ಅಣ್ಣನ ಗಣಿತವನ್ನು ರೇಷ್ಮಾ ಬಿಡಿಸಿಕೊಡುವುದನ್ನು ಅವರೇ ದಿನವೂ ನೋಡುತ್ತಿದ್ದರು. ಮುಂದಿನ ವರ್ಷ ಇಬ್ಬರನ್ನೂ ಒಂದೇ ಶಾಲೆಗೆ ಹಾಕಿದರು. ಅದು ನನ್ನ ಶಾಲೆಯಲ್ಲ. ವರ್ಗಾವಣೆ ಪತ್ರಕ್ಕೆ ಬಂದಾಗ ಅವರಿಗೆ ಸಂಕೋಚ. ನಾನು ಸಹಿ ಹಾಕಿ, ನಮ್ಮಲ್ಲಿ ಹುಡುಗಿಯರ ಪಾಲು ಒಂದು ಕಡಿಮೆಯಾಯಿತು ಎಂದು ಹೇಳಿ ಅವರಿಗೆ ಪೇಢೆ ಕೊಟ್ಟೆ. ಆ ಪೇಢೆಯನ್ನು ಅವರು ತಿಂದರು.

ಇಷ್ಟು ಹೇಳುವ ಹೊತ್ತಿಗೆ ಈರಣ್ಣ ರೊಟ್ಟಿ ಸುತ್ತುವುದನ್ನು ಮರೆತು ಕೂತಿದ್ದ. ಶಾಹಿನ್ ಮೊಬೈಲಿನಲ್ಲಿ ‘ಇಲ್ಲ’ ಒತ್ತಿರಲಿಲ್ಲ. ಚಪ್ಪಲಿ ಬಿಟ್ಟು ಒಳಗೆ ಹೋದಳು, ಹಿಂದೆ ನಾನು.

ಒಳಗೆ ಹತ್ತು ಹೆಂಗಸರು ರೊಟ್ಟಿ ಬಡಿಯುತ್ತಿದ್ದರು. ಹಿಟ್ಟಿನ ಚೀಲಗಳ ಆಚೆ ಸೀರೆಯ ಜೋಳಿಗೆಯಲ್ಲಿ ಒಂದು ಕೂಸು ಮಲಗಿತ್ತು. ಒಂಬತ್ತರ ಆಸುಪಾಸಿನ ಹುಡುಗಿಯೊಬ್ಬಳು ಅದನ್ನು ತೂಗುತ್ತಿದ್ದಳು. ತಿಂಗಳ ಹಿಂದೆ ನವಲಗುಂದದ ಕಡೆಯಿಂದ ಕೆಲಸಕ್ಕೆ ಬಂದ ಕಸ್ತೂರಿ ಎಂಬವಳ ಮಗಳು. ಇಂದೋ ನಾಳೆಯೋ ಊರಿಗೆ ಹೋಗುತ್ತೇವೆ, ಇಲ್ಲಿ ಯಾಕೆ ಹೆಸರು ಹಚ್ಚುವುದು ಎಂದು ಬಿಟ್ಟಿದ್ದೇನೆ, ಕೂಸನ್ನೂ ಯಾರಾದರೂ ನೋಡಬೇಕಲ್ಲ ಎಂದು ತಾಯಿ ಸಂಕೋಚದಿಂದ ಹೇಳಿದಳು.

ನೀಲವ್ವ ತವೆಯ ಮೇಲಿನ ರೊಟ್ಟಿ ತಿರುವಿದಳು. “ಕಸ್ತೂರಿ, ಕೂಸಿಗೆ ಇಲ್ಲಿ ಹತ್ತು ಮಂದಿ ಹೆಣ್ಮಕ್ಕಳ ಅದೇವಿ. ಅಕ್ಕಾರು ಬೇಕಾದ್ರ ನನ್ನ ಹೆಸರೂ ಬರ್ಕೊಳ್ಳಿ, ನಮ್ಮ ಮನೆತನಕ್ಕ ಅದು ರೂಢಿ ಐತಿ.”

ಹೆಂಗಸರು ನಕ್ಕರು. ಕಸ್ತೂರಿಯೂ ನಕ್ಕಳು, ನಕ್ಕು ಹೂಂ ಎಂದು ತಲೆಯಾಡಿಸಿದಳು. ಶಾಹಿನ್ ನೆಲದ ಮೇಲೆ ಕೂತು, ತಾಯಿಯನ್ನಲ್ಲ, ಹುಡುಗಿಯನ್ನೇ ಹೆಸರು ಕೇಳಿದಳು. ನಾನು ಹೇಳಿಕೊಡದೆಯೇ ಹಾಗೆ ಮಾಡಿದಳು. ಭಾಗ್ಯ ಎಂದಳು ಹುಡುಗಿ. ಪಾಲಕರು ಯಾರು ಎಂದು ಮೊಬೈಲು ಕೇಳಿತು, ಅಲ್ಲಿ ಕಸ್ತೂರಿಯ ಹೆಸರು ಹೋಯಿತು. ಬರೆದದ್ದನ್ನು ಒಮ್ಮೆ ಗಟ್ಟಿಯಾಗಿ ಓದಬೇಕು ಎಂದು ನಾನು ನೆನಪಿಸಿದೆ. ಶಾಹಿನ್ “ಭಾಗ್ಯ” ಎಂದು ಓದಿದಳು. ಹುಡುಗಿ ಜೋಳಿಗೆಯ ಹಗ್ಗ ಬಿಟ್ಟು ಎದ್ದು ನಿಂತಳು, ಆದರೆ ಏನು ಹೇಳಬೇಕೆಂದು ತಿಳಿಯದೆ ಸುತ್ತ ನೋಡಿದಳು. ನೀಲವ್ವ ಒಲೆಯ ಮುಂದಿನಿಂದ ಮೆಲ್ಲಗೆ ಒಂದು ಶಬ್ದ ಹೇಳಿಕೊಟ್ಟಳು.

“ಅದೀನ್ರಿ,” ಎಂದಳು ಭಾಗ್ಯ.

ಶಾಹಿನ್ ‘ಉಳಿಸು’ ಒತ್ತಿದಳು. ಓಣಿಯ ಉಳಿದ ಮನೆಗಳನ್ನೂ ಒಳಗೆ ಹೋಗಿಯೇ ಕೇಳಿದೆವು. ಹನ್ನೊಂದು ಇಪ್ಪತ್ತಕ್ಕೆ ಕೊನೆಯ ಮನೆ ಮುಗಿಯಿತು. ಆಮೇಲೆ ಕಟ್ಟೆಗೆ ವಾಪಸು ಬಂದು ಹುಡುಗಿಯರ ಹೆಸರುಗಳನ್ನು ಮೊದಲಿಂದ ಕೊನೆಯವರೆಗೆ ಎರಡು ಸಲ ಎಣಿಸಿ, ಎರಡೂ ಸಲ ಒಂದೇ ಸಂಖ್ಯೆ ಬಂದದ್ದನ್ನು ನೋಡಿ, ಪಟ್ಟಿ ಕಳಿಸಿದೆವು.